ಒಂಬತ್ತನೇ ಸರದಿಗೆ ಎದ್ದು ಹೋಗುವುದು

ನಮ್ಮ ಯಜಮಾನರ ಬಳಿ ಒಂದು ಹಳೆಯ ಕ್ಯಾಸೆಟ್ ಇತ್ತು. ಅದರಲ್ಲಿದ್ದದ್ದು ಅಮೆರಿಕದ ಒಂದು ಬೇಸ್‌ಬಾಲ್ ಆಟ. ಪರದೇಶಕ್ಕೆ ಬಂದು ಕೆಂಟನ್ ಎಂಬ ಊರಿನ ಈ ಮನೆ ಸೇರಿದ ಹೊಸದರಲ್ಲಿ ಟಿ.ವಿ.ಯಲ್ಲಿ ತೋರಿಸಿದ್ದನ್ನು ಅವರು ರೆಕಾರ್ಡ್ ಮಾಡಿಕೊಂಡಿದ್ದರು. ಧಾರವಾಡದಲ್ಲಿ ಕ್ರಿಕೆಟ್ ನೋಡಿ ಬೆಳೆದ ನಮಗೆ ಅದು ವಿಚಿತ್ರವಾಗಿ ಕಂಡಿತ್ತು. ಎಂಟು ಸರದಿ, ಅಂದರೆ ಎಂಟು ಇನ್ನಿಂಗ್ಸ್, ಮುಗಿದರೂ ಎರಡೂ ಕಡೆ ಸೊನ್ನೆ. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಗಾಳಿಗೆ ಬ್ಯಾಟು ಬೀಸಿ ತಲೆ ತಗ್ಗಿಸಿ ವಾಪಸು ನಡೆಯುತ್ತಾನೆ. ಹುಲ್ಲಿನ ಮೇಲೆ ನೆರಳು ಮೆಲ್ಲಗೆ ಉದ್ದವಾಗುತ್ತದೆ. ಜನರ ಗದ್ದಲ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ.

ಮೊದಲ ಸಲ ನೋಡಿದಾಗ ಕೊನೆಯ, ಒಂಬತ್ತನೇ ಸರದಿಯಲ್ಲಿ ನಾನು ಚಹಾಕ್ಕೆ ಇಡಲು ಎದ್ದೆ. ಆಗಲೇ ಆ ಆಟದ ಒಂದೇ ಒಂದು ಓಟ ಬಂತು. ಇವರು ಮೆಚ್ಚಿದ ತಂಡ ಗೆದ್ದಿತು.

ಕ್ರಿಕೆಟ್ ಹುಚ್ಚಿನ ಮನೆಗಳಲ್ಲಿ ಒಂದು ಪದ್ಧತಿ ಇರುತ್ತದೆ. ಆಟ ಕೈಗೂಡುತ್ತಿರುವಾಗ ಕೂತವರು ಏಳಬಾರದು. ಯಾರು ಹೊರಗೆ ಹೋದಾಗ ಒಳ್ಳೆಯದಾಯಿತೋ ಅವರು ಹೊರಗೇ ಇರಬೇಕು. ಇವರು ಅದನ್ನು ಎಂದೋ ಮುಗಿದುಹೋದ ಆಟಕ್ಕೂ ತಂದರು. ಕ್ಯಾಸೆಟ್ ಹಾಕಿದಾಗಲೆಲ್ಲ ಒಂಬತ್ತನೇ ಸರದಿಗೆ ನನ್ನ ಕಡೆ ತಿರುಗುತ್ತಿದ್ದರು.

"ಏಳು ಇನ್ನ. ನೀ ಕೂತ್ರ ಅವ್ರು ಸೋಲ್ತಾರ."

"ಯಾವಾಗೋ ಆಡಿ ಮುಗದದರೀ. ಹೆಂಗ ಸೋಲ್ತಾರ?"

"ಮುಗದದ ಅಂತ ನಿನಗ ಗೊತ್ತು. ಅವ್ರಿಗೆ ಗೊತ್ತಿಲ್ಲಲಾ? ಹೋಗು, ಬರೂವಾಗ ಒಂದೀಟು ಅವಲಕ್ಕಿನೂ ತಾ."

ನಾನು ಅಡುಗೆಮನೆಯಲ್ಲಿ ನಿಂತು ಆ ಗದ್ದಲ ಏರುವುದನ್ನು ಕೇಳುತ್ತಿದ್ದೆ, ಅಷ್ಟೆ. ಇಷ್ಟು ವರ್ಷಗಳಲ್ಲಿ ಆ ಓಟವನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ.

ಕಳೆದ ವಸಂತದಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ಉಸಿರಾಟ ತೀರ ಕಷ್ಟವಾದ ಮಧ್ಯಾಹ್ನ ನನ್ನನ್ನು ನೋಡಿ, "ನೀ ಸ್ವಲ್ಪ ಹೊರಗ ಹೋಗು. ಒಳ್ಳೇದಾಗ್ತದ" ಎಂದರು. ಕಣ್ಣಲ್ಲಿ ಕ್ಯಾಸೆಟ್ ಹಾಕಿದಾಗಿನ ಅದೇ ನಗೆ. ನಾನು ಹೋಗಿ ಕಾರಿಡಾರಿನ ಕಿಟಕಿಯ ಬಳಿ ನಿಂತೆ. ಒಳ್ಳೆಯದಾಗಲಿ ಎಂದೇ ಬೇಗ ಒಳಗೆ ಹೋಗಲಿಲ್ಲ. ನರ್ಸ್ ಬಂದು ನನ್ನ ತೋಳು ಹಿಡಿದಾಗ ಎಲ್ಲ ಮುಗಿದಿತ್ತು.

ಮೊನ್ನೆ ಭಾನುವಾರ ಮಗಳು ಆ ಕ್ಯಾಸೆಟ್ಟಿನಲ್ಲಿದ್ದದ್ದನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡು ಬಂದಳು. ಕಿಟಕಿಯ ಪರದೆ ಎಳೆದು ಇಬ್ಬರೂ ಟಿ.ವಿ. ಮುಂದೆ ಕೂತೆವು. ಆಗಿನ ಬಿಸಿಲು, ಆಗಿನ ಹುಲ್ಲು ಗೋಡೆಗೆಲ್ಲ ಹರಡಿದಂತಿತ್ತು. ನನಗೆ ಜೋಂಪು ಹತ್ತಿತು. ಪಕ್ಕದಲ್ಲಿ ಅವರು ಉಸಿರಾಡುತ್ತಿದ್ದಾರೆ ಎಂದುಕೊಂಡೇ ಎಷ್ಟೋ ಹೊತ್ತು ಕಳೆಯಿತು. ಒಂಬತ್ತನೇ ಸರದಿ ಶುರುವಾದಾಗ ಕಾಲು ತಾನಾಗಿಯೇ ಎದ್ದಿತು.

"ಮಮ್ಮಿ, ವೇರ್ ಆರ್ ಯು ಗೋಯಿಂಗ್?"

"ನಾ ಇದ್ರ ಆ ಓಟ ಬರೂದಿಲ್ಲವ್ವಾ."

"ಇಟ್ಸ್ ಎ ರೆಕಾರ್ಡಿಂಗ್. ಪ್ಲೀಸ್, ಸಿಟ್."

ಬಾಗಿಲಲ್ಲಿ ನಿಂತೆ. ನಾನು ಹೊರಗಿದ್ದರೆ ಒಳ್ಳೆಯದಾಗುತ್ತದೆ ಎಂಬುದು ನಿಜವಾಗಿದ್ದರೆ, ಆ ದಿನ ಯಾಕೆ ಆಗಲಿಲ್ಲ? ಸುಳ್ಳಾಗಿದ್ದರೆ, ಅವರ ಕೈ ಹಿಡಿದು ಒಳಗೇ ಕೂತಿರಬಹುದಿತ್ತು. ಯಾವುದು ನಿಜವೆಂದು ತಿಳಿಯುವುದೇ ನನಗೆ ಬೇಡವಾಗಿತ್ತು. ಆದರೂ ಹೋಗಿ ಕೂತೆ.

ದೊಡ್ಡ ಹೊಡೆತವಿರಬೇಕು ಎಂದುಕೊಂಡಿದ್ದೆ, ಪ್ರತಿ ಸಲ ಯಜಮಾನರು ಹಾಗೆ ಕೂಗುತ್ತಿದ್ದರು. ಚೆಂಡು ಮೇಲೇಳಲೇ ಇಲ್ಲ. ಚೆಂಡು ಹಿಡಿಯಲು ನಿಂತ ಇಬ್ಬರ ನಡುವೆ, ಯಾರ ಕೈಗೂ ಸಿಗದೆ, ಮೆಲ್ಲಗೆ ಹುಲ್ಲಿನ ಮೇಲೆ ಉರುಳಿತು. ಮೈದಾನದ ಮೂರನೇ ಮೂಲೆಯಲ್ಲಿ ನಿಂತಿದ್ದ ಅದೇ ತಂಡದವನು ಓಡಿ ಬಂದು, ಬ್ಯಾಟು ಬೀಸುವ ಮೂಲೆಯ ಬಿಳಿ ಹಲಗೆ ಮೆಟ್ಟಿದ. ಅದೇ ಆ ಓಟ.

"ಬರೇ ಇಷ್ಟ ಏನು?" ಎಂದೆ.

ಮಗಳು ನಕ್ಕಳು, ನಗುತ್ತಲೇ ಅತ್ತಳು. ನಾನು ಕೂತೇ ಇದ್ದೆ, ಆದರೂ ಓಟ ಬಂದಿತ್ತು. ಆ ದಿನ ನಾನು ಒಳಗಿದ್ದಿದ್ದರೂ ಅವರು ಹೋಗುತ್ತಿದ್ದರು, ಆದರೆ ನನ್ನ ಕೈ ಹಿಡಿದು ಹೋಗುತ್ತಿದ್ದರು. ಅದು ನನ್ನ ಮೈಯೊಳಗೆ ನಿಧಾನ ಇಳಿಯಿತು. ಅವಳ ಕೈ ನನ್ನ ಪಕ್ಕದಲ್ಲೇ ಇತ್ತು, ಹಿಡಿದುಕೊಂಡೆ. ಪರದೆಯ ಮೇಲೆ ಆಟಗಾರರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು.