ಹುಲಗೇಶ ಯಾರ ಮಗ

ಹುಲಗೇಶನನ್ನು ಮೊದಲು ನೋಡಿದಾಗ, ಇವನು ಎಲ್ಲೋ ಏನೋ ಮಾಡಿ ಓಡಿಬಂದಿದ್ದಾನೆ ಎಂದೇ ನನಗನಿಸಿತು. ಹೈದರಾಬಾದಿನ ಮಾದಾಪುರದಲ್ಲಿ ಗಾಜಿನ ಆಫೀಸುಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ಅಂಥದ್ದೊಂದು ಕಟ್ಟಡದಲ್ಲಿ ಅವನು ಕಂಬಿ ಕಟ್ಟುವವನು, ನಾನು ಹಾಜರಿ ಬರೆಯುವ ಗುಮಾಸ್ತ. ಅನುಮಾನಪಡುವುದೇ ನನ್ನ ಅರ್ಧ ಕೆಲಸ; ಅವನು ಅದರಲ್ಲಿ ನನ್ನನ್ನೂ ಮೀರಿಸಿದ್ದ. ಊರು ಯಾವುದೆಂದರೆ 'ಯಾಕ?' ಎನ್ನುತ್ತಿದ್ದ. ಚಹಾ ಕೊಡಿಸಿದವರನ್ನೂ ಮೇಲಿಂದ ಕೆಳಗೆ ನೋಡುತ್ತಿದ್ದ.

ಸೋಮವಾರದೊಳಗೆ ಎಲ್ಲರಿಗೂ ಗೇಟ್ ಪಾಸ್ ಆಗಬೇಕು, ಇಲ್ಲದವರಿಗೆ ಕೆಲಸವಿಲ್ಲ ಎಂದು ಆದೇಶ ಬಂತು. ನನ್ನ ಕಿಟಕಿಯ ಮುಂದೆ ಸಾಲು ನಿಂತಿತು.

"ತಂದಿ ಹೆಸರು?" ಎಂದೆ. "ಅದ್ಯಾಕ ಬೇಕು?" ಎಂದ ಹುಲಗೇಶ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂದುಕೊಂಡೆ. "ಹೆಸರಿಲ್ಲಂದ್ರ ಪಾಸಿಲ್ಲ ನೋಡಪಾ."

ಅವನ ಹಿಂದೆ ನಿಂತಿದ್ದವನು ಬೀದರಿನ ಎಲೆಕ್ಟ್ರಿಷಿಯನ್ ವಿಠಲ. ಭಾನುವಾರ ಕೂಲಿಗಳ ಶೆಡ್ಡಿನಲ್ಲಿ ಯೇಸುವಿನ ಪ್ರಾರ್ಥನೆ ನಡೆಸುವವನು. ಹುಲಗೇಶನ ಹೆಗಲ ಮೇಲೆ ಕೈಯಿಟ್ಟು, "ಅಂಜಬ್ಯಾಡಣ್ಣ, ನೀನೂ ದೇವರ ಮಗನ ಅದೀ," ಎಂದ.

ಹುಲಗೇಶ ಅವನ ಕೊರಳಪಟ್ಟಿ ಹಿಡಿದ. "ಯಾರು ಹೇಳಿದ್ರು ನಿನಗ? ನಮ್ಮವ್ವ ಹೇಳಿದ್ಲೇನು?"

ಬಿಡಿಸುವಷ್ಟರಲ್ಲಿ ನಾಲ್ವರಿಗೆ ಬೆವರಿಳಿಯಿತು. ಸಿಟ್ಟಿನಲ್ಲಿ ಅವನ ಬಾಯಿಂದಲೇ ವಿಷಯ ಹೊರಬಿತ್ತು. ಅವನ ತಾಯಿ ಸುಗಲಮ್ಮನನ್ನು ಚಿಕ್ಕಂದಿನಲ್ಲೇ ಮುತ್ತು ಕಟ್ಟಿ ದೇವದಾಸಿಯಾಗಿ ದೇವಿಗೆ ಬಿಟ್ಟಿದ್ದರು. ಅಂಥವಳಿಗೆ ಮದುವೆಯಿಲ್ಲ, ಹುಟ್ಟಿದ ಮಗುವಿಗೆ ಅಪ್ಪನ ಹೆಸರಿಲ್ಲ. ಕೊಪ್ಪಳದ ಕಡೆಯ ಆ ಊರಲ್ಲಿ ಇವನನ್ನು 'ದೇವರ ಮಗ' ಎಂದು ಕರೆದು ನಗುತ್ತಿದ್ದರು. ಅದನ್ನು ಕೇಳಲಾರದೆ ತಾಯಿಯೊಡನೆ ಹೈದರಾಬಾದಿಗೆ ಬಂದಿದ್ದ.

ವಿಠಲ ಬೆಪ್ಪಾದ. "ತಪ್ಪು ತಿಳೀಬ್ಯಾಡಣ್ಣ. ಹಿಂದಕ ಯೆಹೂದ್ಯರು ಪಟ್ಟ ಕಟ್ಟಿದ ರಾಜಗ ದೇವರ ಮಗ ಅಂತಿದ್ರು. ಗುಲಾಮಗಿರಿಯಿಂದ ಪಾರಾದ ಅವರ ಇಡೀ ಕುಲಕ್ಕೂ ಅದ ಹೆಸರು. ಆಮ್ಯಾಲ ಯೇಸುನ ನಂಬಿದವರು, ಯೇಸು ಖರೇ ಮಗ, ನಾವು ದತ್ತಕ ಮಕ್ಕಳು ಅಂದ್ರು."

"ರಾಜಗ ಮನ್ಯಾಗ ಅಪ್ಪ ಇದ್ದಿಲ್ಲೇನು? ಅಪ್ಪ ಇದ್ದವಗ ಅಂದ್ರ ಅದು ಕಿರೀಟ. ನನಗಂದ್ರ ಬೈಗುಳ."

ವಿಠಲ ಕೊರಳಪಟ್ಟಿ ಸರಿಮಾಡಿಕೊಳ್ಳುತ್ತ, "ಯೇಸುಗೂ ಅವನ ಊರವರು ಅಪ್ಪನ ಹೆಸರು ಬಿಟ್ಟು, ಅವ್ವನ ಹೆಸರು ಹಿಡಿದು 'ಮರಿಯಳ ಮಗ ಅಲ್ಲೇನು ಇಂವ' ಅಂತ ಆಡಿಕೊಂಡಿದ್ರು," ಎಂದ.

"ಖರೇನ?" ಹುಲಗೇಶ ಅವನ ಮುಖವನ್ನೇ ದಿಟ್ಟಿಸಿದ. "ಇಲ್ಲಾ, ನನ್ನ ನಿಮ್ಮ ಸಭಾಕ್ಕ ಎಳಕೊಳ್ಳಾಕ ಕತಿ ಕಟ್ಟಾಕತ್ತೀಯೋ?" ಉತ್ತರಕ್ಕೂ ಕಾಯದೆ ಹೊರಟುಹೋದ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ. ಜೊತೆಗೆ ತಾಯಿಯೂ ಇದ್ದಳು. "ನಮ್ಮವ್ವ ಯಾರ ಮುಂದೂ ಬಾಯಿ ಬಿಟ್ಟಿಲ್ಲಂತ್ರಿ. ಆ ವಿಠಲನ ಮ್ಯಾಲ ಮಾತ್ರ ನನಗಿನ್ನೂ ಡೌಟ್ ಐತಿ," ಎಂದ. ಆಮೇಲೆ, "ಬರೀರಿ, ಸುಗಲಮ್ಮ."

ತಂದೆಯ ಹೆಸರೆಂದರೆ ಗಂಡಸಿನದೇ ಬರೆದು ರೂಢಿಯಾದ ಕೈ. 'ಸುಗಲಪ್ಪ' ಎಂದು ಬರೆದೆ.

"ಓದ್ರಿ," ಎಂದ. ಓದಿದೆ.

"ಅಂಥಾ ಗಂಡಸು ಯಾರೂ ಇಲ್ರಿ ಸಾಹೇಬ್ರ. ನನ್ನ ಸಾಕಿದಾಕಿ ಇಲ್ಲಿ ನಿಂತಾಳ."

ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಬೇರೆ ಫಾರಂ ತೆಗೆದು ಸರಿಯಾಗಿ ಬರೆದೆ.

"ಈಗ ಜೋರಾಗಿ ಓದ್ರಿ. ನಮ್ಮವ್ವಗ ಕೇಳ್ಲಿ."

"ಹುಲಗೇಶ," ಎಂದು ಓದಿದೆ, "ಸುಗಲಮ್ಮನ ಮಗ."