ಕಾಲುಚೀಲದೊಳಗಿನ ಕರಿಗಂಟು

ಗೋವೆಯ ಪರ್ವರಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿರುವ ಆ ಚಾಳಿನ ಆರು ಕೋಣೆಗಳಿಗೆ ಒಂದೇ ನಳ. ಗುರುವಾರ ಮಧ್ಯಾಹ್ನ ನಳದ ಕಟ್ಟೆಯ ಮೇಲೆ ಕುಳಿತು ಪಾರ್ವತೆವ್ವ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ನೆರೆಮನೆಯ ಅಮೀರಬಿ ಕೊಡ ತುಂಬುವುದನ್ನು ಕಾಯುತ್ತ ನಿಂತಿದ್ದಳು. ಅಮೀರಬಿ ಒಂದು ಆಸ್ಪತ್ರೆಯಲ್ಲಿ ಕಸ ಬಳಿಯುವ ಕೆಲಸದವಳು. ಅಲ್ಲಿಂದ ದಿನಕ್ಕೊಂದು ಸುದ್ದಿ ಹೊತ್ತು ತರದೆ ಅವಳಿಗೆ ಸಮಾಧಾನವಿಲ್ಲ.

“ಇವತ್ತ ಒಬ್ಬ ಮುದುಕಂದು ಕಾಲ ತಗದ್ರು ನೋಡ, ಪಾರಕ್ಕ. ಮೊಣಕಾಲ ತನಾ!”

“ಯಾಕ, ಗಾಡಿ ಹಾಯಿತೇನ?”

“ಗಾಡಿನೂ ಇಲ್ಲ ಗೀಡಿನೂ ಇಲ್ಲ. ಬೂಟಿನಾಗ ಒಂದು ಹರಳ ಸಿಕ್ಕೊಂಡಿತ್ತಂತ, ಕಡ್ಲಿ ಕಾಳಿನಷ್ಟು. ಸಕ್ಕರಿ ಬ್ಯಾನಿ ಇದ್ದವರಿಗೆ ಕಾಲು ಸತ್ತ ಹೋಗಿರತೈತಿ. ಒತ್ತಿದ್ದು ತಿಳಿಯಂಗಿಲ್ಲ, ಚುಚ್ಚಿದ್ದು ತಿಳಿಯಂಗಿಲ್ಲ. ನಾಕ ದಿನ ಹಂಗ ಅಡ್ಡಾಡ್ಯಾನ. ಬೂಟ ಬಿಚ್ಚೂದ್ರಾಗ ಒಳಗೆಲ್ಲಾ ಕೊಳತಿತ್ತು.”

ಕೊಡ ತುಂಬಿತು. ಅಮೀರಬಿ ಅದನ್ನು ಸೊಂಟಕ್ಕಿಟ್ಟುಕೊಂಡು ಹೊರಟುಹೋದಳು. ಪಾರ್ವತೆವ್ವನ ಕೈಯ ಕಡ್ಡಿಗಳು ಮಾತ್ರ ನಿಂತಲ್ಲೇ ನಿಂತವು. ಸೋಮವಾರ ಅವಳು ಒಂದು ಜೊತೆ ಕಾಲುಚೀಲ ಹೆಣೆದು, ತಾನು ಅಡುಗೆ ಮಾಡುವ ಮನೆಯ ಯಜಮಾನ ಪರಮೇಶಪ್ಪ ಸಾಹುಕಾರರಿಗೆ ಕೊಟ್ಟಿದ್ದಳು. ಅವರಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಬಲಗಾಲಿನ ಚೀಲದೊಳಗೆ, ಹೆಬ್ಬೆರಳ ಕೆಳಗೆ ಬರುವಂತೆ, ಅವಳು ತನ್ನ ಕೈಯಾರೆ ಒಂದು ಗಂಟು ಕಟ್ಟಿದ್ದಳು.

ಪಾರ್ವತೆವ್ವ ನರಗುಂದದ ಕಡೆಯವಳು. ಗೌಂಡಿ ಕೆಲಸದ ಗಂಡ ನಿಂಗಣ್ಣನ ಬೆನ್ನು ಹಿಡಿದು ಗೋವೆಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಈಗ ಆತ ಕೊರ್ಲಿಮ್‌ನ ಕಾರ್ಖಾನೆಯೊಂದರಲ್ಲಿ ಕಾವಲು ಕಾಯುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವಳು ಮೊದಲು ಪಾತ್ರೆ ತಿಕ್ಕಿದ್ದು ಒಬ್ಬ ವೃದ್ಧ ಕ್ರೈಸ್ತ ತಾಯಿಯ ಮನೆಯಲ್ಲಿ. ಹಡಗಿನ ಕೆಲಸಕ್ಕೆ ಹೋದ ಮಕ್ಕಳಿಗಾಗಿ ಆ ತಾಯಿ ಉಣ್ಣೆಯ ಕಾಲುಚೀಲ ಹೆಣೆದು ಕಳಿಸುತ್ತಿದ್ದಳು. ಕನ್ನಡ ಬಾರದ ಆಕೆ, ಕೊಂಕಣಿ ಬಾರದ ಇವಳಿಗೆ ಕೈ ಹಿಡಿದು ತಿದ್ದಿ ತಿದ್ದಿ ನಾಲ್ಕು ಕಡ್ಡಿಯ ಹೆಣಿಗೆಯನ್ನು ಕಲಿಸಿದಳು. ಒಂದು ಕುಣಿಕೆ ಸೀದಾ, ಒಂದು ಉಲ್ಟಾ, ಮುಂದಿನ ಸುತ್ತಿನಲ್ಲಿ ಅದಲುಬದಲು. ಹೀಗೆ ಹೆಣೆದರೆ ಬಟ್ಟೆಯ ಮೇಲೆ ಕಾಳು ಕಾಳಾಗಿ ಉಬ್ಬು ಏಳುತ್ತದೆ. ಅದಕ್ಕೆ ಪಾರ್ವತೆವ್ವ ಜೋಳದ ಕಾಳಿನ ನಮೂನೆ ಎಂದು ತಾನೇ ಹೆಸರಿಟ್ಟಳು. ಕಾಳುಗಳ ನಡುವೆ ಜಡೆ ಹೆಣೆದಂತೆ ಒಂದು ಉಬ್ಬುಗೆರೆ ಇಳಿಸುವುದನ್ನೂ ಕಲಿತಳು. ಉಬ್ಬೆಲ್ಲ ಮೇಲುಭಾಗದಲ್ಲಿರಬೇಕು, ಅಂಗಾಲು ನುಣುಪಾಗಿರಬೇಕು ಎಂಬುದು ಆ ತಾಯಿಯ ಕಟ್ಟಪ್ಪಣೆಯಾಗಿತ್ತು. ಇವಳು ಅದನ್ನು ಎಂದೂ ಮೀರಿದವಳಲ್ಲ.

ಮೀರಿದ್ದು ಇದೊಂದೇ ಸಲ, ಅದೂ ಪ್ರೀತಿಯಿಂದ. ಸಾಹುಕಾರರದು ಮ್ಹಾಪಸಾದಲ್ಲಿ ಬಟ್ಟೆ ಅಂಗಡಿ, ಮನೆ ಪರ್ವರಿಯಲ್ಲಿ. ಆ ಮನೆಯಲ್ಲಿ ಪಾರ್ವತೆವ್ವ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ಅಂಗಡಿಗೆ ಎ.ಸಿ. ಕೂಡಿಸಿದ ಮೇಲೆ ಕಾಲು ಮಂಜಿನಲ್ಲಿಟ್ಟಂತೆ ಆಗುತ್ತದೆಂದು ಅವರು ಗೋಳಾಡಿದ್ದನ್ನು ಕೇಳಿ ಕಾಲುಚೀಲಕ್ಕೆ ಕೈ ಹಾಕಿದ್ದಳು. ಅದು ಅವಳ ಕೈಯಿಂದ ಅದುವರೆಗೆ ಬಾರದಷ್ಟು ಅಂದವಾಗಿ ಬಂತು. ಅಂದ ಕಂಡಾಗಲೇ ಅಂಜಿಕೆ ಹುಟ್ಟುವುದು. ತವರಿನಲ್ಲಿ ಅವಳ ತಾಯಿ ಹಳೆಯ ಸೀರೆಗಳ ಕೌದಿ ಹೊಲಿದು ಮುಗಿಸಿದಾಗಲೆಲ್ಲ, ದೃಷ್ಟಿ ತಾಗದಿರಲೆಂದು ಒಳಮಗ್ಗುಲಿಗೆ ಕರಿ ದಾರದ ಒಂದು ಗಂಟು ಹಾಕುತ್ತಿದ್ದಳು, ಕೊನೆಯ ಹೊಲಿಗೆ ಬಿದ್ದಲ್ಲಿಯೇ. ಕಾಲುಚೀಲ ಮುಗಿಯುವುದು ಬೆರಳ ತುದಿಯಲ್ಲಿ. ಅಲ್ಲಿ ಪಾರ್ವತೆವ್ವ ಕರಿ ಉಣ್ಣೆಯನ್ನು ಮೂರು ಸಲ ಸುತ್ತಿ, ಬಿಗಿದು, ಹೆಬ್ಬೆರಳ ಕೆಳಗಿನ ಒಳಮಗ್ಗುಲಿಗೆ ಎಳೆದಳು. ಜೋಡಿಗೆ ಒಂದೇ ಗಂಟು, ಬಲಗಾಲಿನದಕ್ಕೆ.

ಈಗ ನಳದ ಕಟ್ಟೆಯ ಮೇಲೆ ಕುಳಿತವಳಿಗೆ ಒಂದೊಂದಾಗಿ ಎಲ್ಲವೂ ನೆನಪಾಯಿತು. ಸಾಹುಕಾರರ ಚಪ್ಪಲಿ ಹೊಸ್ತಿಲಲ್ಲೇ ಕಳಚಿ ಬಿದ್ದರೂ ಅವರು ಬರಿಗಾಲಲ್ಲಿ ಅಂಗಳ ದಾಟಿ ಹೋಗಿದ್ದರು. “ಎತ್ತಾಗ ಲಕ್ಷ್ಯ ಐತ್ರಿ ಸಾವ್ಕಾರ್ರ!” ಎಂದು ತಾನು ನಕ್ಕಿದ್ದಳು. ಆ ನಗು ಈಗ ಎದೆಯಲ್ಲಿ ಕಲ್ಲಾಯಿತು. ಕಡಲೆ ಕಾಳಿನಷ್ಟು ಹರಳು, ಕಡಲೆ ಕಾಳಿನಷ್ಟು ಗಂಟು.

ಹೋಗಿ ಹೇಳಿಬಿಡಬಹುದಿತ್ತು. ಆದರೆ ಹೇಳುವುದು ಹೇಗೆ? ಹಿಂದಿನ ವರ್ಷ ಅಂಗಡಿಯ ಬಾಗಿಲಲ್ಲಿ ಕರಿ ದಾರ ಸುತ್ತಿದ ನಿಂಬೆಹಣ್ಣು ಸಿಕ್ಕಿತ್ತು. ಯಾರು ಇಟ್ಟರೋ ಇಂದಿಗೂ ತಿಳಿದಿಲ್ಲ. ಸಾಹುಕಾರರ ಸೊಸೆ ಕಾಂಚನಾ ಮೂರು ದಿನ ಊಟ ಬಿಟ್ಟು, ಕೊನೆಗೆ ಕಸ ಗುಡಿಸುವ ಹೆಂಗಸನ್ನು ಬಿಡಿಸಿದಳು. ಮಾಟ ಮಾಡಿದವಳೆಂಬ ಹೆಸರು ಹೊತ್ತ ಆ ಹೆಂಗಸಿಗೆ ಆ ಓಣಿಯಲ್ಲಿ ಮತ್ತೊಂದು ಮನೆ ಬಾಗಿಲು ತೆರೆಯಲಿಲ್ಲ. ಮಾವನ ಕಾಲುಚೀಲದೊಳಗೆ ಕರಿಗಂಟು ಕಂಡರೆ ಕಾಂಚನಾ ಏನೆನ್ನುವಳು? ಅಡುಗೆಯವಳೇ ಕಟ್ಟಿದ್ದು ಎಂದರೆ, ಹನ್ನೊಂದು ವರ್ಷದ ಅನ್ನವೆಲ್ಲ ಒಂದೇ ಗಳಿಗೆಯಲ್ಲಿ ವಿಷವಾಗುವುದಿಲ್ಲವೇ?

ಸಂಜೆ ಅಡುಗೆಗೆ ಹೋದಾಗ ಅವಳು ಅಡ್ಡದಾರಿ ಹಿಡಿದಳು. “ಅಕ್ಕಾರ, ಸಾವ್ಕಾರ್ರ ಕಾಲಚೀಲ ಕೊಡ್ರಿ, ತೊಳದ ತರತೀನಿ. ಹೊಸಾ ಉಣ್ಣಿ, ಬಣ್ಣ ಬಿಡತೈತಿ.”

ಕಾಂಚನಾ ನಕ್ಕಳು. “ಎಲ್ಲಿಂದ ಕೊಡ್ಲಿ ಪಾರ್ವತೆವ್ವಾ? ಮಾವಾರು ಅದನ್ನ ಕಾಲಿಂದ ತಗದ್ರಲ್ಲ? ಸೋಮವಾರ ಹಾಕ್ಕೊಂಡವರು ಮಲಗೂಮುಂದನೂ ಬಿಚ್ಚಿಲ್ಲ. ಅದನ್ನ ಹಾಕ್ಕೊಂಡ ಅಂಗಡಿಗೆ ಹೋಗ್ಯಾರ.”

ನಾಲ್ಕು ದಿನ. ಅಮೀರಬಿ ಹೇಳಿದ ಮುದುಕನಿಗೂ ನಾಲ್ಕೇ ದಿನ. ಪಾರ್ವತೆವ್ವ ಗಂಟಿನ ಮಾತೆತ್ತದೆ ಅಡುಗೆಮನೆಗೆ ಹೋಗಿ ಕಾಯಿಪಲ್ಲೆ ಹೆಚ್ಚತೊಡಗಿದಳು. ಪಾಪಕ್ಕೆ ಅಂಜುವ ಜೀವ ಅವಳದು. ಆದರೆ ಆ ಸಂಜೆ ಅವಳನ್ನು ಕಟ್ಟಿಹಾಕಿದ್ದು ಪಾಪದ ಅಂಜಿಕೆಯಲ್ಲ, ಮಂದಿಯ ಅಂಜಿಕೆ. ನಮ್ಮಲ್ಲಿ ಯಾರು ತಾನೇ ಶಿವನಿಗೆ ಅಂಜಿ ಅಷ್ಟಕ್ಕೇ ನಿಂತವರು? ನೆರೆಯವರಿಗೆ ಅದರ ಎರಡರಷ್ಟು ಅಂಜುತ್ತೇವೆ.

ಮರುದಿನ ಶುಕ್ರವಾರ, ಮ್ಹಾಪಸಾದ ಸಂತೆ. ಅವಳು ಬರುವಷ್ಟರಲ್ಲಿ ಸಾಹುಕಾರರು ಅಂಗಡಿಗೆ ಹೊರಟುಹೋಗಿದ್ದರು. ಮಗ ಶಶಿಧರ ಸರಕು ತರಲು ಬೆಳಗಾವಿಗೆ ಹೋಗಿದ್ದ. ಒಲೆಯ ಮುಂದೆ ಪಾರ್ವತೆವ್ವ ಮೂರು ರೊಟ್ಟಿ ಸುಟ್ಟಳು. ನಾಲ್ಕನೆಯದನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದು, “ಇವತ್ತ ಊಟದ ಡಬ್ಬಿ ನಾನ ಒಯ್ತೇನ್ರಿ ಅಕ್ಕಾರ, ನನಗೂ ಸಂತ್ಯಾಗ ಕೆಲಸ ಐತಿ,” ಎಂದಳು.

ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಡಬ್ಬಿಯನ್ನು ಎದೆಗೊತ್ತಿಕೊಂಡು ಅವಳು ಪ್ರತಿ ತಿರುವಿನಲ್ಲೂ ಶಿವನಾಮ ಹೇಳಿದಳು. ಸುತ್ತಲಿನ ಯಾರ ಮುಖವನ್ನೂ ನೋಡಲಿಲ್ಲ, ಕಾಲುಗಳನ್ನೇ ನೋಡಿದಳು. ಮೀನುಗಾರ್ತಿಯ ಬರಿಗಾಲು, ಕೂಲಿಯವನ ಸಿಮೆಂಟು ಮೆತ್ತಿದ ಕಾಲು, ಶಾಲೆಯ ಹುಡುಗಿಯ ಬಿಳಿ ಬೂಟು. ಎಲ್ಲವೂ ಒಂದನ್ನೊಂದು ತುಳಿದು, ನೊಂದು, ಹಿಂದೆ ಸರಿಯುತ್ತಿದ್ದವು. ನೋವು ತಿಳಿಯುವುದು ಎಂಥ ವರವೆಂದು ಅವಳಿಗೆ ಅಂದೇ ಹೊಳೆದದ್ದು.

ಅಂಗಡಿಯಲ್ಲಿ ಪರಮೇಶಪ್ಪನವರು ಗಾದಿಯ ಮೇಲೆ ಕುಳಿತು ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ಎದುರಂಗಡಿಯ ಗೋಪಪ್ಪನಿಗೆ ಕಾಲುಚೀಲ ತೋರಿಸುತ್ತಿದ್ದರು.

“ಈ ಸೆಖಿಯಾಗ ಉಣ್ಣಿ ಹಾಕ್ಕೊಂಡ್ರ ಮಂದಿ ನಿಮಗ ಹುಚ್ಚ ಹಿಡದೈತಿ ಅಂತಾರ, ಸಾವ್ಕಾರ್ರ.”

“ಅನ್ನವರು ಅನ್ನಲಿ. ನಿನ್ನ ಹೆಣತಿ ನಿನಗೊಂದು ಕರವಸ್ತ್ರರೆ ಹೊಲದಾಳೇನೋ? ಹೊಟ್ಟಿಕಿಚ್ಚು ಇವಂಗ! ಬಾ ಪಾರ್ವತೆವ್ವ, ನಿನ್ನ ಮಾತ ನಡದಿತ್ತು.”

ಗೋಪಪ್ಪ ನಗುತ್ತ ತನ್ನ ಅಂಗಡಿಗೆ ಹೋಗುವವರೆಗೆ ಅವಳು ಡಬ್ಬಿ ಹಿಡಿದೇ ನಿಂತಿದ್ದಳು. ಆಮೇಲೆ ಸ್ಟೂಲಿನ ಬಳಿ ನೆಲದ ಮೇಲೆ ಕುಳಿತಳು.

“ಒಂದ ಕುಣಿಕಿ ಬಿಚ್ಚೇತ್ರಿ. ತಗದು ನೋಡತೀನ್ರಿ.”

“ನೋಡವಾ, ನೋಡು,” ಎಂದು ಅವರು ಬೀದಿಯ ಗದ್ದಲದ ಕಡೆಗೆ ಮುಖ ತಿರುಗಿಸಿದರು.

ಚೀಲ ಹಿಮ್ಮಡಿಯವರೆಗೆ ಸುಲಭವಾಗಿ ಬಂತು. ಬೆರಳ ಬಳಿ ಅಂಟಿಕೊಂಡಿತ್ತು. ಅವಳು ಬಾಟಲಿಯ ನೀರನ್ನು ಹನಿಹನಿಯಾಗಿ ಬಿಟ್ಟು ಬಿಡಿಸಿದಳು. ಹೆಬ್ಬೆರಳ ಕೆಳಗೆ ತೊಗಲು ಬೆಳ್ಳಗೆ ಸುಲಿದು, ನಡುವೆ ಶೇಂಗಾ ಬೀಜದಷ್ಟು ಅಗಲ ಹಸಿ ಕೆಂಪು ಕಾಣುತ್ತಿತ್ತು. ಒಂದು ಬಗೆಯ ನಾತವೂ ಇತ್ತು.

“ತಗದೀಯೇನು?” ಎಂದರು ಸಾಹುಕಾರರು, ಇನ್ನೂ ಬೀದಿಯನ್ನೇ ನೋಡುತ್ತ.

“ತಗದೀನ್ರಿ.”

ಅವರು ತಿರುಗಿ ನೋಡಿದರು. ಮೊದಲು ಕಾಲನ್ನು, ಆಮೇಲೆ ಅವಳ ಕೈಯಲ್ಲಿದ್ದ ಚೀಲದ ಒಳಮಗ್ಗುಲನ್ನು. “ಇದೇನಿದು, ಗಂಟ? ಉಣ್ಣಿ ಮಾರಾವರು ಗಂಟ ಹಾಕಿ ಮಾರ್ಯಾರಲ್ಲ! ಕಳ್ಳ ಸೂಳೇಮಕ್ಕಳು.”

ಹೌದೆನ್ನಲು ಅವಳ ಕತ್ತು ಆಗಲೇ ಅಲುಗಿತ್ತು. ಅಷ್ಟಕ್ಕೇ ಎಲ್ಲ ಮುಗಿಯುತ್ತಿತ್ತು. ಆ ಒಂದು ಗಳಿಗೆಯಲ್ಲಿ ಅವಳನ್ನು ತಡೆದವನು ಯಾರು? ತನ್ನ ಬಲದಿಂದ ತಡೆದುಕೊಂಡೆ ಎಂದು ಅವಳು ಇಂದಿಗೂ ಹೇಳುವುದಿಲ್ಲ.

“ಅಲ್ರಿ ಸಾವ್ಕಾರ್ರ. ನಾನ ಕಟ್ಟೀನ್ರಿ. ದೃಷ್ಟಿ ಆಗಬಾರದಂತ. ನಮ್ಮವ್ವ ಕಟ್ಟತಿದ್ಲು. ಮಾಟ ಅಲ್ರಿ, ಶಿವನಾಣಿ.”

ಬೈಗುಳ ಬೀಳುವುದೆಂದು ಕಾದಳು. ಬೀಳಲಿಲ್ಲ. ಸಾಹುಕಾರರ ಮುಖ ಬಿಳಿಚಿತ್ತು. ಅವರು ಬಾಗಿ ಗಾಯವನ್ನು ಬೆರಳಿನಿಂದ ಒತ್ತಿದರು. ಇನ್ನೊಮ್ಮೆ ಒತ್ತಿದರು. ಎಳೆಯ ಮಗುವಿನಂಥ ಧ್ವನಿಯಲ್ಲಿ, “ಏನೂ ತಿಳೀವಲ್ಲದು,” ಎಂದರು. “ಎರಡು ವರ್ಷದಿಂದ ಹಿಂಗ, ಪಾರ್ವತೆವ್ವ. ಕಾಲು ನನ್ನವಲ್ಲ ಅನ್ನಸತೈತಿ. ಡಾಕ್ಟರು ಸೂಜಿ ಊರಿ ಕೇಳಿದಾಗೆಲ್ಲಾ ತಿಳೀತೈತಿ ಅಂತ ಸುಳ್ಳ ಹೇಳೀನಿ. ಗೊತ್ತಾದ್ರ ಮನ್ಯಾಗ ಕುಂಡರಸ್ತಾರ. ಕಾಲ ತಗೀತಾರ.” ಅವರು ಅವಳ ಕೈ ಹಿಡಿದುಕೊಂಡರು. “ಅರಿಷಿಣ ಹಚ್ಚಿಬಿಡು. ನೀ ಗಂಟಿನ ಸುದ್ದಿ ಎತ್ತಬ್ಯಾಡ, ನಾ ಗಾಯದ ಸುದ್ದಿ ಎತ್ತಂಗಿಲ್ಲ. ಕಾಂಚನಾಗ ಗೊತ್ತಾಗೂದ ಬ್ಯಾಡ.”

ಪಾರ್ವತೆವ್ವನಿಗೆ ಎದೆಯ ಮೇಲಿನ ಭಾರವೆಲ್ಲ ಇಳಿದಂತಾಯಿತು. ಕೆಲಸ ಉಳಿಯಿತು, ಹೆಸರು ಉಳಿಯಿತು, ಸಾಹುಕಾರರೇ ಬಾಯಿ ಮುಚ್ಚು ಎನ್ನುತ್ತಿದ್ದಾರೆ. ಆ ಸಮಾಧಾನ ಎಷ್ಟು ಸಿಹಿಯಾಗಿತ್ತೆಂದರೆ, ಅದರ ಸಿಹಿಗೇ ಅವಳು ಬೆಚ್ಚಿದಳು. ಇಬ್ಬರ ಅಂಜಿಕೆ ಕೂಡಿ ಒಂದು ಕಾಲನ್ನು ಕೊಳೆಯಿಸಲು ಒಪ್ಪಿಕೊಂಡಿತ್ತು. ಅವಳು ಸೆರಗಿನಿಂದ ಮೊಬೈಲು ತೆಗೆದಳು. ಎರಡು ಸಲ ತಪ್ಪು ಹೆಸರು ಒತ್ತಿ, ಮೂರನೆಯ ಸಲ ಕಾಂಚನಾಳ ಹೆಸರು ಒತ್ತಿದಳು.

“ಪಾರ್ವತೆವ್ವ, ನಿನ್ನ ಅನ್ನ ನಿನ್ನ ಕೈಯಾರೆ ಚೆಲ್ಲಾಕತ್ತಿ ನೋಡು!”

“ಹೌದ್ರಿ ಸಾವ್ಕಾರ್ರ,” ಎಂದಳು. ಅಷ್ಟರಲ್ಲಿ ಕಾಂಚನಾ ಫೋನ್ ಎತ್ತಿದ್ದಳು. ಗಾಯವನ್ನೂ ಹೇಳಿದಳು, ಗಂಟನ್ನೂ ಹೇಳಿದಳು.

ಕಾಂಚನಾ ಬಾಡಿಗೆ ಗಾಡಿ ಮಾಡಿಕೊಂಡು ಬಂದಳು. ಮಾವನ ಕಾಲನ್ನು ನೋಡಿದಳು. ಕಾಲುಚೀಲವನ್ನು ಕೈಯಿಂದ ಮುಟ್ಟದೆ, ಹಳೆಯ ಪೇಪರಿನಲ್ಲಿ ಹಿಡಿದು ಸುತ್ತಿದಳು. ಗಾಡಿ ಹತ್ತುವಾಗ ಒಂದೇ ಮಾತು ಆಡಿದಳು. “ಹನ್ನೊಂದು ವರ್ಷ ನಮ್ಮ ಅಡಿಗಿ ನಿಮ್ಮ ಕೈಯಾಗಿತ್ತು, ಪಾರ್ವತೆವ್ವಾ. ನಾ ಕರೀಯೂತನಾ ಬರಬ್ಯಾಡ್ರಿ.”

ಐದು ದಿನ ಕರೆ ಬರಲಿಲ್ಲ. ಪಾರ್ವತೆವ್ವ ಕಡ್ಡಿ ಮುಟ್ಟಲಿಲ್ಲ. ಸರಿಯಾಗಿ ಉಣ್ಣಲೂ ಇಲ್ಲ. ಚಾಳಿನಲ್ಲಿ ಯಾರ ಫೋನ್ ಹೊಡೆದುಕೊಂಡರೂ ಅವಳ ಜೀವ ಹಾರುತ್ತಿತ್ತು. ಅಮೀರಬಿ, “ನಮ್ಮ ವಾರ್ಡಿನಾಗಂತೂ ಇಲ್ಲ, ನಾ ಎಲ್ಲಾ ಕಾಟಿಗೂ ಹಣಿಕಿ ಹಾಕೇನಿ. ಕಾಲ ತಗದಿದ್ರ ನನಗ ತಿಳೀತಿತ್ತು ಬಿಡು,” ಎಂದು ಧೈರ್ಯ ಹೇಳಿದಳು. ಊರಿನಲ್ಲಿ ಆಸ್ಪತ್ರೆ ಅದೊಂದೇ ಅಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಆರನೆಯ ದಿನ ಕಾಂಚನಾ ಕರೆದಳು. ಪಡಸಾಲೆಯಲ್ಲಿ ಸಾಹುಕಾರರು ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟು ಕುಳಿತಿದ್ದರು. ಎರಡೂ ಕಾಲು ಇದ್ದವು. ಪಾರ್ವತೆವ್ವ ಮೊದಲು ಎಣಿಸಿದ್ದು ಅದನ್ನೇ.

“ಎಲುಬಿಗೆ ಮುಟ್ಟಿಲ್ಲಂತ,” ಎಂದಳು ಕಾಂಚನಾ. “ಇನ್ನೊಂದು ವಾರ ಬಿಟ್ಟಿದ್ರ ಕೈ ಮೀರತಿತ್ತು ಅಂದ್ರು. ಇನ್ನೂ ಅಂಜಿಕಿ ಹೋಗಿಲ್ಲ. ದಿನಾ ಮುಂಜಾನಿ ಎರಡೂ ಕಾಲು ನೋಡಬೇಕಂತ, ಬೆರಳ ಸಂದಿ ಸುದ್ದಾ. ನನಗ ಗಾಯ ನೋಡಿದ್ರ ತಲಿ ತಿರಗತೈತಿ. ಮಾವಾರಂತೂ ಖರೇ ಹೇಳಾವರಲ್ಲ. ನೀವು ಹೇಳತೀರಿ ಅನ್ನೂದು ತಿಳೀತು.” ತುಸು ತಡೆದು ನೆಲ ನೋಡುತ್ತ ಸೇರಿಸಿದಳು, “ಆ ಗಂಟಿನ ಬಗ್ಗೆ ನನಗ ಇನ್ನೂ ಭಯ ಐತ್ರಿ, ಯಾಕ ಮುಚ್ಚಿಡ್ಲಿ. ಅಡಿಗಿ ಸದ್ಯಕ್ಕ ನಾ ಮಾಡ್ಕೋತೀನಿ. ಕಾಲು ನೀವು ನೋಡ್ರಿ.”

ಅಂದಿನಿಂದ ಪಾರ್ವತೆವ್ವ ಬೆಳಿಗ್ಗೆ ಹಣೆಗೆ ವಿಭೂತಿ ಧರಿಸಿ ನೇರವಾಗಿ ಆ ಪಡಸಾಲೆಗೆ ಬರುತ್ತಾಳೆ. ಪಟ್ಟಿಯನ್ನು ಕೊನೆಯ ಸುತ್ತಿನವರೆಗೆ ಬಿಚ್ಚುತ್ತಾಳೆ. ಪರಮೇಶಪ್ಪನವರು ಕಿಟಕಿಯ ಕಡೆ ನೋಡುತ್ತ ಕೂರುತ್ತಾರೆ. ಮೊದಲು ಕೇಳುವುದು ಅವರೇ. ಒಂದು ಬೆಳಿಗ್ಗೆಯೂ ಹಾಗೆಯೇ ಕೇಳಿದರು.

“ಏನೈತಿ?”

“ನಿನ್ನಿಗಿಂತ ಎಳ್ಳಿನಷ್ಟು ಕಡಿಮಿ ಆಗೇತ್ರಿ.”

“ಖರೇ?”

“ಖರೇನ್ರಿ.” ಅವಳು ಎಡಗಾಲನ್ನು ಬೆಳಕಿಗೆ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಕೊನೆಯದರ ಹತ್ತಿರ ಅವಳ ಕೈ ನಿಂತಿತು. “ಇಲ್ಲಿ ಕಿರಿಬೆರಳ ಸಂದ್ಯಾಗ ಹೊಸಾದೊಂದು ಕೆಂಪ ಕಾಣಾಕತ್ತೈತ್ರಿ. ಅಕ್ಕಾರನ್ನ ಕರೀಲೇನ್ರಿ?”

ಸಾಹುಕಾರರು ಕಿಟಕಿಯಿಂದ ಮುಖ ತಿರುಗಿಸಿ ಆ ಕಾಲನ್ನು ನೋಡಿದರು.

“ಕರಿ,” ಎಂದರು.