ಮೈಕಮ್ಮ ಗಂಡನನ್ನು ಕೇಳಿದ ಪ್ರಶ್ನೆ

ಬಸ್ಸಿನ ಹಿಂದಿನ ಸೀಟಿನವರೆಗೂ ಕೇಳುವ ಗಂಟಲು ಆ ಕಂಡಕ್ಟರಮ್ಮನದು. ಡಿಪೋದಲ್ಲಿ ಎಲ್ಲರೂ ಮೈಕಮ್ಮ ಎಂದೇ ಕರೆಯುತ್ತಿದ್ದರು. ಚಿಲ್ಲರೆಗಾಗಿ ಜಗಳ ತೆಗೆದವರನ್ನು ಮುಂದಿನ ನಿಲ್ದಾಣ ಬರುವುದರೊಳಗೆ ನಗಿಸಿ ಇಳಿಸುತ್ತಿದ್ದಳು.

ನರ್ಸ್ ಒಬ್ಬರು ಡಿಪೋದ ಹೆಂಗಸರಿಗೆಂದು ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಲು ಬಂದ ದಿನ, "ನನಗೇನು ರೋಗ, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತಲೇ, ಉಳಿದವರಿಗೆ ಧೈರ್ಯ ಬರಲೆಂದು ತಾನೇ ಮೊದಲು ಒಳಗೆ ಹೋದಳು. ಕೆಲವು ವಾರಗಳ ಮೇಲೆ ಆಸ್ಪತ್ರೆಯಿಂದ ಫೋನ್ ಬಂದದ್ದು ಅವಳೊಬ್ಬಳಿಗೇ.

ಅಲ್ಲಿ ಡಾಕ್ಟರಮ್ಮ ವಿನಿಗರ್‌ನಂಥ ದ್ರಾವಣ ಸವರಿ, ದುರ್ಬೀನಿನಂಥ ಯಂತ್ರದಲ್ಲಿ ನೋಡಿದರು. ಬೆಳ್ಳಗೆ ತಿರುಗಿದ ಜಾಗದಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬಂದಾಗ ಕೂರಿಸಿಕೊಂಡು ಹೇಳಿದರು:

"ಕ್ಯಾನ್ಸರ್ ಅಲ್ಲಮ್ಮಾ. ಆದ್ರೆ ಜೀವಕೋಶಗಳು ದಾರಿ ತಪ್ತಾ ಇವೆ. ಹೀಗೇ ಬಿಟ್ರೆ ಮುಂದೆ ಆಗಬಹುದು. ಅಷ್ಟು ಜಾಗ ತೆಗೆದುಬಿಡೋಣ."

"ಯಾಕೆ ಬಂತು ಇದು?"

"ಒಂದು ವೈರಸ್‌ನಿಂದ. ಗಂಡುಹೆಣ್ಣು ಸೇರಿದಾಗ ಹರಡುತ್ತೆ. ಬಹಳ ಜನಕ್ಕೆ ಬಂದು ತಾನಾಗೇ ಹೋಗುತ್ತೆ, ಕೆಲವರಲ್ಲಿ ಉಳ್ಕೊಳ್ಳುತ್ತೆ."

ಮುಂದಿನ ಮಾತು ಅವಳ ಕಿವಿಗೆ ಬೀಳಲಿಲ್ಲ. ತನ್ನ ಬದುಕಿನಲ್ಲಿ ಗಂಡನ ಹೊರತು ಬೇರೆ ಯಾರೂ ಇರಲಿಲ್ಲ. ಹಾಗಾದರೆ?

ಮನೆಗೆ ಬಂದವಳು ತುಟಿ ಬಿಚ್ಚಲಿಲ್ಲ. "ಅಮ್ಮನ ಬ್ಯಾಟರಿ ಡೌನ್" ಎಂದು ಮಗಳು ತಮಾಷೆ ಮಾಡಿದಳು. ಗಂಡನಿಗೆ ನಗು ಬರಲಿಲ್ಲ. ಅವನು ಗ್ಯಾರೇಜಿನ ಮೆಕ್ಯಾನಿಕ್. ಎಂಜಿನ್ ಸದ್ದು ಮಾಡಿದರೆ ಹೆದರದವನು, ನಿಂತುಹೋದರೆ ಗಾಬರಿಯಾಗುತ್ತಿದ್ದ. ಮಗಳು ಆಚೆ ಹೋದ ಮೇಲೆ, "ಏನಾಯ್ತೇ?" ಎಂದ.

ಅವಳು ಎಲ್ಲವನ್ನೂ ಹೇಳಿ, ಕೊನೆಗೆ ಕೇಳಿಯೇಬಿಟ್ಟಳು. "ನಾನಲ್ದೆ ಯಾರಿದ್ರು?"

ಅವನು ಉಗುರಿನ ಸಂದಿಯ ಗ್ರೀಸ್ ಕೆರೆಯುತ್ತ ಹೇಳಿದ. "ಮದುವೆಗೆ ಮುಂಚೆ ಒಬ್ಬಳಿದ್ದಳು. ಆಮೇಲೆ ಯಾರೂ ಇಲ್ಲ."

"ಅಷ್ಟು ಹಳೇದು ಈಗ ಬರುತ್ತಾ? ನನ್ನ ಕಿವಿಗೆ ಹೂ ಇಡಬೇಡಿ."

"ನನಗೂ ಗೊತ್ತಿಲ್ಲ. ಡಾಕ್ಟರನ್ನೇ ಕೇಳೋಣ. ನಾನೂ ಬರ್ತೀನಿ."

ಕೇಳಿದರು. "ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು," ಎಂದರು ಡಾಕ್ಟರಮ್ಮ. "ಯಾವಾಗ ಬಂತು ಅಂತ ಯಾವ ಪರೀಕ್ಷೆನೂ ಹೇಳಲ್ಲ. ಇವರ ಮಾತು ನಂಬೋದು ಬಿಡೋದು ನಿಮಗೆ ಸೇರಿದ್ದು. ಚಿಕಿತ್ಸೆ ಮಾತ್ರ ತಡ ಮಾಡಬೇಡಿ."

ತಡ ಮಾಡಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕರೆಂಟು ಹರಿಯುವ ತೆಳ್ಳನೆಯ ತಂತಿಯ ಕುಣಿಕೆಯಿಂದ ಆ ಭಾಗವನ್ನು ಕತ್ತರಿಸಿ ತೆಗೆದರು. ನೋವಿಗಿಂತ ಸುಟ್ಟ ವಾಸನೆಯೇ ಅವಳನ್ನು ಕಂಗೆಡಿಸಿತು. ಹೊರಗೆ ಗಂಡ ನೀರಿನ ಬಾಟಲಿ ಹಿಡಿದು ನಿಂತಿದ್ದ. ಬಾಟಲಿ ತೆಗೆದುಕೊಂಡಳು, ಅವನು ಚಾಚಿದ ಕೈಯನ್ನು ಹಿಡಿಯಲಿಲ್ಲ.

ತೆಗೆದ ಭಾಗದ ಅಂಚಿನಲ್ಲಿ ದಾರಿ ತಪ್ಪಿದ ಜೀವಕೋಶಗಳಿಲ್ಲ, ಎಲ್ಲ ಪೂರ್ತಿ ಬಂದಿದೆ ಎಂದು ವರದಿ ಬಂತು. ಆರು ತಿಂಗಳ ನಂತರದ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಈ ನಡುವೆ ಎಂದೋ, ಇವನು ಸುಳ್ಳು ಹೇಳಿ ಪಾರಾಗಬಹುದಿತ್ತಲ್ಲ ಎಂದು ಹೊಳೆದು ಅವಳ ಸಿಟ್ಟು ಅರ್ಧ ಇಳಿದಿತ್ತು. ಉಳಿದರ್ಧ ಹಾಗೇ ಇತ್ತು. "ಅವಳು ಯಾರು?" ಎಂಬ ಮಾತು ಆಗಾಗ ನಾಲಿಗೆಯ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದಳು.

ಮಗಳಿಗೆ ಆ ವೈರಸ್ ತಡೆಯುವ ಲಸಿಕೆ ಹಾಕಿಸುವ ದಿನ ಅವಳಿಗೆ ರಜೆ ಸಿಗಲಿಲ್ಲ. ಗಂಡನೇ ಕರೆದುಕೊಂಡು ಹೋದ. "ಯಾಕಪ್ಪಾ ಇದು?" ಎಂದು ಮಗಳು ಕೇಳಿದ್ದಕ್ಕೆ, ಕೆಮ್ಮಿ, ತಡವರಿಸಿ, ವೈರಸ್ ಹೇಗೆ ಹರಡುತ್ತದೆಂದು ಮುಚ್ಚುಮರೆಯಿಲ್ಲದೆ ವಿವರಿಸಿದನಂತೆ.

"ಅಪ್ಪನ ಕಿವಿ ಕೆಂಪಗಾಗಿತ್ತಮ್ಮಾ!" ಎಂದಳು ಮಗಳು ಸಂಜೆ, ಅಪ್ಪನ ಎದುರಿಗೇ.

ಬಹಳ ದಿನಗಳ ಮೇಲೆ ಅವಳು ಗಂಡನ ಮುಖ ನೋಡಿಕೊಂಡೇ ಗಟ್ಟಿಯಾಗಿ ನಕ್ಕಳು.